ಪೀಕಿಂಗಿನಿಂದ ಪ್ಯಾರಿಸಿಗೆ: ಮೋಟಾರು ಬಂಡಿಯ ಒಂದು ಪರೀಕ್ಷೆ

ಬೆಂಗಳೂರಿನಿಂದ ಮೈಸೂರಿಗೆ ಮೋಟಾರಿನಲ್ಲಿ ಹೋಗಿಬರುವುದನ್ನು ನಾವು ಪ್ರಯಾಣವೆಂದು ಎಣಿಸುವುದೇ ಇಲ್ಲ. ಬೆಳಗಿನ ಕಾಫಿ ಮುಗಿಸಿಕೊಂಡು ಹೊರಟರೆ ಮಧ್ಯಾಹ್ನದ ಎಲೆ ಹಾಕುವ ಹೊತ್ತಿಗೆ ನೆಂಟರ ಮನೆಯ ಬಾಗಿಲಲ್ಲಿರುತ್ತೇವೆ. ದಾರಿಯಲ್ಲಿ ಪೆಟ್ರೋಲು ಸಿಕ್ಕೀತೇ, ಸೇತುವೆಯು ಬಂಡಿಯ ಭಾರವನ್ನು ತಡೆದೀತೇ, ಗಾಲಿ ಮುರಿದರೆ ಯಾರ ಬಳಿಗೆ ಹೋಗಬೇಕು ಎಂಬ ಪ್ರಶ್ನೆಗಳು ನಮ್ಮ ಮನಸ್ಸಿನಲ್ಲಿ ಸುಳಿಯುವುದಿಲ್ಲ. ಅವುಗಳ ಉತ್ತರವನ್ನು ನಮಗಿಂತ ಮುಂಚಿನವರು ಕಂಡುಕೊಂಡು, ರಸ್ತೆಯ ಉದ್ದಕ್ಕೂ ಸಿದ್ಧಮಾಡಿ ಇಟ್ಟುಹೋಗಿದ್ದಾರೆ. ಆ ಉತ್ತರಗಳು ಇನ್ನೂ ಯಾರಿಗೂ ಗೊತ್ತಿಲ್ಲದಿದ್ದ ಕಾಲದಲ್ಲಿ ಕೆಲವರು ಸಾವಿರಾರು ಮೈಲಿಗಳ ದಾರಿಯನ್ನು ಮೋಟಾರಿನಲ್ಲಿ ಹಿಡಿದರು. ಅವರು ಹೇಗೆ ಹೋದರು, ಯಾರ ಬಲದಿಂದ ಹೋದರು ಎಂಬುದನ್ನು ಈ ಹೊತ್ತು ಸ್ವಲ್ಪ ವಿಚಾರಮಾಡೋಣ.

ಮೊದಲು ಒಂದು ಚಿಕ್ಕ ಪ್ರಯಾಣದ ಮಾತು. ಜರ್ಮನಿಯ ಕಾರ್ಲ್ ಬೆಂಜ್ ಎಂಬಾತನು ಪೆಟ್ರೋಲು ಯಂತ್ರದಿಂದ ಓಡುವ ಮೂರು ಗಾಲಿಯ ಬಂಡಿಯೊಂದಕ್ಕೆ 1886ರಲ್ಲಿ ಸನ್ನದು ಪಡೆದನು. ಬಂಡಿಯೇನೋ ಓಡುತ್ತಿದ್ದಿತು, ಕೊಳ್ಳುವವರು ಮಾತ್ರ ಮುಂದೆ ಬರುತ್ತಿರಲಿಲ್ಲ. 1888ರ ಆಗಸ್ಟ್ ತಿಂಗಳಲ್ಲಿ ಆತನ ಹೆಂಡತಿ ಬರ್ತಾ ಬೆಂಜ್ ಗಂಡನಿಗೆ ತಿಳಿಸದೆ, ಹದಿನೈದು ಮತ್ತು ಹದಿಮೂರು ವರ್ಷದ ತನ್ನ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಮಾನ್‌ಹೈಮ್ ಪಟ್ಟಣದಿಂದ ನೂರು ಕಿಲೋಮೀಟರಿಗೂ ಸ್ವಲ್ಪ ಹೆಚ್ಚು ದೂರದ ತವರೂರು ಪ್‌ಫೋರ್ಟ್ಸ್‌ಹೈಮಿಗೆ ಆ ಬಂಡಿಯನ್ನು ನಡೆಸಿಕೊಂಡು ಹೋದಳು. ದಾರಿಯಲ್ಲಿ ಇಂಧನ ಮುಗಿಯಿತು. ಬಟ್ಟೆಯ ಕರೆ ತೆಗೆಯುವುದಕ್ಕೆಂದು ಔಷಧದ ಅಂಗಡಿಯಲ್ಲಿ ಮಾರುತ್ತಿದ್ದ ದ್ರವವನ್ನು ಕೊಂಡು ತುಂಬಿದಳು. ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಗೆ ಸಿಕ್ಕಿಸುವ ಸೂಜಿಯಿಂದ ಅದನ್ನು ಬಿಡಿಸಿದಳು. ಬ್ರೇಕಿನ ಮರದ ತುಂಡು ಸವೆದಾಗ ಒಬ್ಬ ಮೋಚಿಯಿಂದ ಅದಕ್ಕೆ ತೊಗಲು ಹೊಡೆಸಿದಳು. ಏರು ಬಂದಾಗ ಮಕ್ಕಳು ಇಳಿದು ನೂಕಿದರು.

ಈ ಕಥೆಯಲ್ಲಿ ಬರುವ ಔಷಧದ ಅಂಗಡಿಯವನನ್ನೂ ಮೋಚಿಯನ್ನೂ ಕೇಳುವವರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ. ಮುಂದೆ ಹೇಳುವ ದೊಡ್ಡ ಪ್ರಯಾಣಗಳಲ್ಲಿಯೂ ಇಂಥವರು ಬೇರೆ ಬೇರೆ ವೇಷದಲ್ಲಿ ಮತ್ತೆ ಮತ್ತೆ ಬರುತ್ತಾರೆ.

ಹದಿನೈದು ವರ್ಷಗಳ ತರುವಾಯ, 1903ರಲ್ಲಿ, ಅಮೆರಿಕದ ವೈದ್ಯನಾದ ಹೊರೇಷಿಯೊ ನೆಲ್ಸನ್ ಜ್ಯಾಕ್ಸನ್ ಎಂಬಾತನು ಐವತ್ತು ಡಾಲರುಗಳ ಪಂದ್ಯಕ್ಕಾಗಿ ಸ್ಯಾನ್‌ಫ್ರಾನ್ಸಿಸ್ಕೊ ನಗರದಿಂದ ನ್ಯೂಯಾರ್ಕಿಗೆ ಮೋಟಾರಿನಲ್ಲಿ ಹೋಗುವುದಾಗಿ ಒಪ್ಪಿಕೊಂಡನು. ಸೂಯೆಲ್ ಕ್ರಾಕರ್ ಎಂಬ ಯಂತ್ರಜ್ಞನನ್ನು ಜೊತೆಗೆ ಕರೆದುಕೊಂಡು ಮೇ 23ರಂದು ಹೊರಟವನು ಜುಲೈ 26ರಂದು ನ್ಯೂಯಾರ್ಕನ್ನು ಮುಟ್ಟಿದನು. ಪಂದ್ಯದ ಹಣ ಐವತ್ತು. ಖರ್ಚಾದುದು ಸುಮಾರು ಎಂಟು ಸಾವಿರ. ಕೆಟ್ಟ ಭಾಗಗಳಿಗೆ ಬದಲು ಭಾಗಗಳು ರೈಲಿನಲ್ಲಿ ಬರುವ ತನಕ ಅವರು ಊರೂರುಗಳಲ್ಲಿ ಕಾದು ಕುಳಿತರು. ನಡುದಾರಿಯಲ್ಲಿ ಕೊಂಡ ಬಡ್ ಎಂಬ ನಾಯಿಗೆ ಧೂಳಿನಿಂದ ಕಣ್ಣು ಕೆಡದಂತೆ ಕನ್ನಡಕ ಕಟ್ಟಿದ್ದರು. ಖಂಡವನ್ನು ಮೋಟಾರಿನಲ್ಲಿ ದಾಟಬಹುದೆಂಬುದು ಹೀಗೆ ಸ್ಥಿರಪಟ್ಟಿತು. ಆದರೆ ಅದು ಒಂದೇ ಭಾಷೆಯ, ಒಂದೇ ಸರಕಾರದ ದೇಶ. ರೈಲುಮಾರ್ಗವೂ ಬಹುಮಟ್ಟಿಗೆ ಹತ್ತಿರದಲ್ಲಿಯೇ ಇದ್ದಿತು.

ಹೀಗಿರಲು 1907ರ ಜನವರಿ 31ರಂದು ಪ್ಯಾರಿಸಿನ 'ಲ ಮಾತಾಂ' ಎಂಬ ದಿನಪತ್ರಿಕೆಯು ಒಂದು ಸವಾಲನ್ನು ಪ್ರಕಟಿಸಿತು. ಮೋಟಾರು ಕೈಯಲ್ಲಿರುವ ಮನುಷ್ಯನು ಎಲ್ಲಿಗೆ ಬೇಕಾದರೂ ಹೋಗಬಲ್ಲನು, ಏನು ಬೇಕಾದರೂ ಸಾಧಿಸಬಲ್ಲನು ಎಂಬುದನ್ನು ಪ್ರಮಾಣಪಡಿಸಬೇಕಾಗಿದೆ. ಬರುವ ಬೇಸಿಗೆಯಲ್ಲಿ ಪೀಕಿಂಗಿನಿಂದ ಪ್ಯಾರಿಸಿನವರೆಗೆ ಮೋಟಾರಿನಲ್ಲಿ ಬರುವ ಧೀರರು ಯಾರಾದರೂ ಉಂಟೇ ಎಂಬುದು ಅದರ ತಾತ್ಪರ್ಯ. ಕಾಲೇಜಿನಲ್ಲಿ ತರ್ಕಶಾಸ್ತ್ರ ಓದಿದವರಿಗೆ ಈ ಮಾತಿನ ಸ್ವರೂಪ ಕೂಡಲೇ ತಿಳಿಯುತ್ತದೆ. ಇದೊಂದು ಪ್ರತಿಜ್ಞೆ. ಪ್ರತಿಜ್ಞೆಯನ್ನು ಪರೀಕ್ಷೆಗೆ ಒಡ್ಡಬೇಕು. ಪರೀಕ್ಷೆಗೆಂದು ಆರಿಸಿಕೊಂಡ ದಾರಿ ಸುಮಾರು ಹದಿನೈದು ಸಾವಿರ ಕಿಲೋಮೀಟರುಗಳಷ್ಟು ಉದ್ದವಾದುದು. ಅದರ ಬಹುಭಾಗದಲ್ಲಿ ಆ ವರೆಗೆ ಮೋಟಾರೆಂಬುದನ್ನು ಯಾರೂ ಕಂಡಿರಲಿಲ್ಲ.

ಹೆಸರು ಕೊಟ್ಟವರು ಅನೇಕರು. ಪೀಕಿಂಗಿಗೆ ಬಂದು ನಿಂತುದು ಐದೇ ಬಂಡಿಗಳು. ಇಟಲಿಯ ರಾಜವಂಶೀಯ ಷಿಪಿಯೋನೆ ಬೋರ್ಗೇಸೆಯದು 'ಇಟಾಲಾ' ಎಂಬ ದೊಡ್ಡ ಬಂಡಿ. ಫ್ರಾನ್ಸಿನ ಷಾರ್ಲ್ ಗೋದಾರನದು ಹಾಲೆಂಡಿನಲ್ಲಿ ತಯಾರಾದ 15 ಅಶ್ವಶಕ್ತಿಯ 'ಸ್ಪೈಕರ್'. ಜಾರ್ಜ್ ಕೋರ್ಮಿಯೇ ಮತ್ತು ವಿಕ್ತೋರ್ ಕೋಲಿನ್ಯೋಂ ಎಂಬ ಫ್ರೆಂಚರವು 10 ಅಶ್ವಶಕ್ತಿಯ ಎರಡು 'ದ ದಿಯೋಂ-ಬೂತೋಂ' ಬಂಡಿಗಳು. ಐದನೆಯದು ಓಗುಸ್ತ್ ಪೋನ್ಸ್ ಎಂಬಾತನ 'ಕೋಂತಾಲ್'; ಇದಕ್ಕೆ ಇದ್ದುದು ಮೂರೇ ಗಾಲಿ, ಆರೇ ಅಶ್ವಶಕ್ತಿ.

ಈ ಬಂಡಿಗಳ ರಚನೆಯನ್ನು ಸ್ವಲ್ಪ ತಿಳಿದುಕೊಳ್ಳಬೇಕು. ಇಟಾಲಾ ಬಂಡಿಯ ಯಂತ್ರದಲ್ಲಿ ನಾಲ್ಕು ಸಿಲಿಂಡರುಗಳಿದ್ದವು; ಅವುಗಳ ಒಟ್ಟು ಗಾತ್ರ ಏಳು ಲೀಟರಿಗೂ ಮಿಕ್ಕಿದುದು. ಇಂದಿನ ಸಾಧಾರಣ ಚಿಕ್ಕ ಕಾರಿನ ಯಂತ್ರ ಒಂದು ಅಥವಾ ಒಂದೂಕಾಲು ಲೀಟರಿನದು. ಆದರೂ ಇಂದಿನ ಆ ಚಿಕ್ಕ ಯಂತ್ರವು ಅಂದಿನ ದೊಡ್ಡ ಯಂತ್ರಕ್ಕಿಂತ ಹೆಚ್ಚು ಅಶ್ವಶಕ್ತಿಯನ್ನು ಕೊಡುತ್ತದೆ. ಕಾರಣವೇನೆಂದರೆ, ಹಳೆಯ ಯಂತ್ರಗಳು ಬಹಳ ನಿಧಾನವಾಗಿ ತಿರುಗುತ್ತಿದ್ದವು. ಇದರಿಂದ ವೇಗ ಕಡಿಮೆಯಾದರೂ ಒಂದು ಪ್ರಯೋಜನವಿದ್ದಿತು. ನಿಧಾನವಾಗಿ ತಿರುಗುವ ದೊಡ್ಡ ಯಂತ್ರವು ಒಳ್ಳೆಯ ಉಳುವ ಎತ್ತಿನಂತೆ. ಕೆಸರಿನಲ್ಲಿಯೂ ಮರಳಿನಲ್ಲಿಯೂ ಮುಗ್ಗರಿಸದೆ ಎಳೆಯುತ್ತದೆ. ಅದರ ಭಾಗಗಳು ದಪ್ಪ, ಸರಳ. ಕೆಟ್ಟರೆ ಹಳ್ಳಿಯ ಕಮ್ಮಾರನ ಕುಲುಮೆಯಲ್ಲಿಯೇ ಎಷ್ಟೋ ಕೆಲಸ ನಡೆಯುತ್ತಿದ್ದಿತು.

ಉಳಿದ ಅನುಕೂಲಗಳ ವಿಷಯ ಹೇಳುವಂತಿಲ್ಲ. ಗಾಲಿಗಳು ಮರದವು, ನಮ್ಮ ಎತ್ತಿನ ಗಾಡಿಯಂತೆಯೇ ಗುಂಬ ಮತ್ತು ಅರೆಕಾಲುಗಳನ್ನು ಕೂಡಿಸಿ ಮಾಡಿದವು. ಮೇಲೆ ರಬ್ಬರಿನ ಟೈರು. ಮುಂದುಗಡೆ ಗಾಜಿಲ್ಲ, ಮಳೆ, ಧೂಳು, ಬಿಸಿಲು ನೇರವಾಗಿ ಮುಖಕ್ಕೆ. ಯಂತ್ರ ಹೊರಡಬೇಕಾದರೆ ಒಬ್ಬನು ಇಳಿದು ಮುಂದೆ ನಿಂತು ಹ್ಯಾಂಡಲನ್ನು ತಿರುಗಿಸಬೇಕು. ಯಂತ್ರವನ್ನು ತಂಪಾಗಿಡುವ ನೀರು ಮೇಲಿಂದ ಮೇಲೆ ಕುದಿದು ಆವಿಯಾಗಿ ಹೋಗುತ್ತಿದ್ದುದರಿಂದ, ಬಾವಿ ಕಂಡಲ್ಲೆಲ್ಲ ನಿಲ್ಲಬೇಕು. ನೀರಿಲ್ಲದ ನಾಡಿನಲ್ಲಿ ಮನುಷ್ಯನೂ ಯಂತ್ರವೂ ಒಂದೇ ಪಾತ್ರೆಯ ನೀರಿಗೆ ಪಾಲುದಾರರು.

ಬೋರ್ಗೇಸೆಯು ಈ ಕೊರತೆಗಳನ್ನೆಲ್ಲ ಮುಂಚೆಯೇ ಲೆಕ್ಕಹಾಕಿದ್ದನು. ಬಂಡಿಯ ಕೆಸರು ತಡೆಯುವ ತಗಡುಗಳನ್ನು ತೆಗೆಸಿ, ಅವುಗಳ ಸ್ಥಳದಲ್ಲಿ ಉದ್ದವಾದ ಗಟ್ಟಿ ಹಲಗೆಗಳನ್ನು ಕೂರಿಸಿದನು. ಕಾಲುವೆ ಅಡ್ಡ ಬಂದರೆ ಅವನ್ನೇ ಬಿಚ್ಚಿ ಸೇತುವೆಯಂತೆ ಹಾಸಬಹುದು. ಸ್ಪರ್ಧೆಗೆ ಮುಂಚೆ ಪೀಕಿಂಗಿನ ಉತ್ತರದ ಬೆಟ್ಟದ ಕಣಿವೆಗಳಿಗೆ ಕುದುರೆಯ ಮೇಲೆ ಹೋಗಿ, ಬಂಡಿಯ ಅಗಲಕ್ಕೆ ಸರಿಯಾಗಿ ಕತ್ತರಿಸಿದ ಒಂದು ಬಿದಿರ ಕೋಲನ್ನು ಇಕ್ಕಟ್ಟಾದ ಬಂಡೆಗಳ ನಡುವೆ ಅಡ್ಡ ಹಿಡಿದು ನೋಡಿಕೊಂಡು ಬಂದನು. ಕೋಲು ಹಿಡಿಸಿದರೆ ಬಂಡಿಯೂ ಹಿಡಿಸುತ್ತದೆ. ಎಷ್ಟು ಸುಲಭವಾದ ಉಪಾಯವೆಂದು ಈಗ ನಮಗೆ ತೋರುತ್ತದೆ. ಉಳಿದ ನಾಲ್ವರಲ್ಲಿ ಯಾರಿಗೂ ಇದು ಹೊಳೆದಂತೆ ಕಾಣುವುದಿಲ್ಲ.

ಆತನ ಜೊತೆಗೆ ಇಬ್ಬರಿದ್ದರು. ಒಬ್ಬನು ಎತ್ತೋರೆ ಗ್ವಿತ್ಸಾರ್ದಿ ಎಂಬ ಯಂತ್ರಜ್ಞ. ಈತನು ರೈಲು ಇಂಜಿನ್ನು ನಡೆಸುವವನೊಬ್ಬನ ಮಗ. ಬಾಲ್ಯದಲ್ಲಿ ರೈಲು ಅಪಘಾತದಲ್ಲಿ ತಂದೆಯನ್ನು ಕಳೆದುಕೊಂಡವನನ್ನು ಬೋರ್ಗೇಸೆಯು ತನ್ನ ಆಶ್ರಯಕ್ಕೆ ತೆಗೆದುಕೊಂಡು ಯಂತ್ರವಿದ್ಯೆ ಕಲಿಸಿದನೆಂದು ಹೇಳುತ್ತಾರೆ. ಇನ್ನೊಬ್ಬನು ಲೂಯಿಜಿ ಬಾರ್ಜೀನಿ ಎಂಬ ಪತ್ರಿಕಾ ಬಾತ್ಮೀದಾರ. ಈ ಪ್ರಯಾಣದ ವಿಷಯವಾಗಿ ಬಾರ್ಜೀನಿಯು ಬರೆದ ಪುಸ್ತಕವು 1908ರಲ್ಲಿ ಹಲವು ಭಾಷೆಗಳಲ್ಲಿ ಹೊರಬಂದಿತು. ಈ ಸಾಹಸದ ವಿವರಗಳು ನಮ್ಮವರೆಗೆ ಬಂದಿರುವುದು ಬಹುಮಟ್ಟಿಗೆ ಆ ಪುಸ್ತಕದಿಂದಲೇ.

ಇನ್ನು ಪೆಟ್ರೋಲಿನ ಮಾತು. ಹದಿನೈದು ಸಾವಿರ ಕಿಲೋಮೀಟರಿಗೆ ಬೇಕಾದ ಪೆಟ್ರೋಲನ್ನು ಯಾವ ಬಂಡಿಯೂ ಹೊತ್ತುಕೊಂಡು ಹೋಗಲಾರದು. ಗೋಬಿ ಮರುಭೂಮಿಯಲ್ಲಿ ಬಂಕು ಎಲ್ಲಿಂದ ಬರಬೇಕು? ಆದುದರಿಂದ ಒಂಟೆಗಳ ಸಾಲುಗಳ ಮೇಲೆ ಪೆಟ್ರೋಲನ್ನು ಹೇರಿ, ಮೋಟಾರುಗಳು ಹೊರಡುವುದಕ್ಕೆ ಎಷ್ಟೋ ಮುಂಚೆಯೇ ಮಂಗೋಲಿಯದ ಗೊತ್ತಾದ ಸ್ಥಳಗಳಿಗೆ ಕಳುಹಿಸಬೇಕಾಯಿತು. ಸೈಬೀರಿಯದಲ್ಲಿ ಈ ಕೆಲಸವನ್ನು ರೈಲು ಮಾಡಿತು. ಒಂಟೆಯನ್ನು ಹಿಂದೆ ಹಾಕುವುದಕ್ಕೆಂದು ಹುಟ್ಟಿದ ಯಂತ್ರಕ್ಕೆ ಒಂಟೆಯೇ ಮುಂದೆ ಹೋಗಿ ಊಟ ಬಡಿಸಿಟ್ಟುಕೊಂಡು ಕಾದಿದ್ದಿತು.

ಚೀನಾದ ಸರಕಾರವು ರಹದಾರಿ ಕೊಡುವುದಕ್ಕೆ ಮೊದಲು ಹಿಂಜರಿಯಿತು. ಅದಕ್ಕೆ ಕಾರಣವೂ ಇದ್ದಿತು. ಏಳೇ ವರ್ಷಗಳ ಹಿಂದೆ, 1900ರಲ್ಲಿ, ಯೂರೋಪಿನ ಮತ್ತು ಇತರ ರಾಷ್ಟ್ರಗಳ ಸೇನೆಗಳು ಪೀಕಿಂಗನ್ನು ಹೊಕ್ಕು ಲೂಟಿಮಾಡಿದ್ದವು. ಆ ಗಾಯ ಇನ್ನೂ ಮಾಯದಿರುವಾಗ, ವಿದೇಶೀಯರು ಹೊಸ ಯಂತ್ರಗಳನ್ನು ತಂದು ತಮ್ಮ ಗಡಿಯ ದಾರಿಗಳನ್ನು ಅಳೆದುಕೊಂಡು ಹೋಗುತ್ತೇವೆಂದರೆ ಬರಿಯ ವಿನೋದಕ್ಕಾಗಿ ಎಂದು ಯಾರು ನಂಬುವರು? ಕಡೆಗೆ ಅಡ್ಡಿ ನಿವಾರಣೆಯಾಗಿ, 1907ರ ಜೂನ್ 10ರಂದು ಬೆಳಿಗ್ಗೆ ಐದು ಬಂಡಿಗಳೂ ಪೀಕಿಂಗನ್ನು ಬಿಟ್ಟವು.

ಹೊರಟ ಕೆಲವೇ ಗಂಟೆಗಳಲ್ಲಿ ಪತ್ರಿಕೆಯ ಪ್ರತಿಜ್ಞೆಗೆ ಮೊದಲ ಆಕ್ಷೇಪಣೆ ಎದುರಾಯಿತು. ಪೀಕಿಂಗಿನ ಉತ್ತರಕ್ಕೆ ಕಾಲ್ಗಾನ್ ಪಟ್ಟಣದವರೆಗೆ ಬೆಟ್ಟದ ಸಾಲು. ಅಲ್ಲಿ ರಸ್ತೆಯೆಂಬುದು ಬಂಡೆಗಳ ನಡುವಿನ ಹೇಸರಗತ್ತೆಯ ದಾರಿ. ಯಂತ್ರವನ್ನು ನಿಲ್ಲಿಸಿ, ಬಂಡಿಗೆ ಹಗ್ಗ ಕಟ್ಟಿ, ಚೀನೀ ಕೂಲಿಗಳಿಂದಲೂ ಹೇಸರಗತ್ತೆಗಳಿಂದಲೂ ಎಳೆಸಬೇಕಾಯಿತು. ಏರಿನಲ್ಲಿ ಮುಂದಿನಿಂದ ಎಳೆದರು. ಇಳಿಜಾರಿನಲ್ಲಿ ಬಂಡಿ ತಾನಾಗಿ ಉರುಳಿ ಹೋಗದಂತೆ ಹಿಂದಿನಿಂದ ಹಿಡಿದರು. ಮೋಟಾರಿನ ಮಹಾಪ್ರಯಾಣದ ಮೊದಲ ದಿನಗಳು ಹೀಗೆ ಮನುಷ್ಯರ ಹೆಗಲಿನ ಮೇಲೆಯೇ ಕಳೆದವು. ಆ ಕೂಲಿಗಳಲ್ಲಿ ಒಬ್ಬನ ಹೆಸರೂ ಚರಿತ್ರೆಯಲ್ಲಿ ದಾಖಲಾಗಿಲ್ಲ.

ಬೆಟ್ಟ ಮುಗಿದ ಮೇಲೆ ಮಂಗೋಲಿಯದ ಬಯಲು. ಇಲ್ಲಿ ರಸ್ತೆಯಿಲ್ಲದಿದ್ದುದೇ ಅನುಕೂಲವಾಯಿತು. ಗಟ್ಟಿ ನೆಲದ ಮೇಲೆ ಇಟಾಲಾ ಬಂಡಿಯು ವೇಗವಾಗಿ ಓಡಿತು. ದಾರಿ ತೋರಿಸಿದುದು ತಂತಿಯ ಕಂಬಗಳು. ಮರುಭೂಮಿಯ ಮಧ್ಯೆ ಅಲ್ಲೊಂದು ಇಲ್ಲೊಂದು ಮಣ್ಣಿನ ಗುಡಿಸಲಿನಂಥ ತಂತಿ ಆಫೀಸು ಇದ್ದಿತು. ಪಾಂಗ್-ಕಿಯಾಂಗ್ ಎಂಬ ಅಂಥ ಒಂದು ಆಫೀಸಿನಲ್ಲಿ ಬಾರ್ಜೀನಿಯು ತನ್ನ ಪತ್ರಿಕೆಗೆ ತಂತಿ ಕೊಟ್ಟನು. ಚೀನೀ ಗುಮಾಸ್ತನು ಅದರ ಮೇಲೆ ಒಂದನೆಯ ನಂಬರು ಹಾಕಿದನು. ಆ ದಿನದ ಮೊದಲ ತಂತಿಯೋ ಎಂದು ವಿಚಾರಿಸಿದರೆ, ಆ ಆಫೀಸು ತೆರೆದ ಮೇಲೆ ಅಲ್ಲಿಂದ ಹೊರಡುತ್ತಿರುವ ಮೊದಲನೆಯ ತಂತಿಯೇ ಅದು! ವರ್ಷಗಟ್ಟಲೆ ಒಂದು ಸಂದೇಶವೂ ಬರದಿದ್ದರೂ ಆ ಗುಮಾಸ್ತನು ತನ್ನ ಯಂತ್ರವನ್ನು ಸರಿಯಾಗಿ ಇಟ್ಟುಕೊಂಡು ಮರಳಿನ ನಡುವೆ ಕುಳಿತಿದ್ದನಲ್ಲ, ಅದನ್ನು ನೆನೆದರೆ ಮೊದಲು ನಗು ಬರುತ್ತದೆ. ಆಮೇಲೆ ಗೌರವ ಹುಟ್ಟುತ್ತದೆ.

ಇದೇ ಗೋಬಿಯಲ್ಲಿ ಈ ಸ್ಪರ್ಧೆಯ ಅತ್ಯಂತ ನೋವಿನ ಸಂಗತಿ ನಡೆಯಿತು. ಪೋನ್ಸನ ಮೂರು ಗಾಲಿಯ ಬಂಡಿಗೆ ಈ ನೆಲ ಒಗ್ಗಲೇ ಇಲ್ಲ. ಏಕೆಂಬುದು ಗಾಡಿಯ ಜಾಡನ್ನು ಬಲ್ಲ ನಮ್ಮ ರೈತನಿಗೂ ತಿಳಿದೀತು. ಗಾಡಿಗಳು ಓಡಾಡಿ ಬಿದ್ದ ಜಾಡು ಎರಡು ಸಾಲು. ಮೂರು ಗಾಲಿಯ ಬಂಡಿಯಲ್ಲಿ ಮುಂದಿನ ಎರಡು ಗಾಲಿಗಳು ಆ ಸಾಲುಗಳಲ್ಲಿ ಹೋದರೆ, ಹಿಂದಿನ ಒಂಟಿ ಗಾಲಿಯು ನಡುವಿನ ದಿಂಡಿನ ಮೇಲೆ ಕುಪ್ಪಳಿಸಬೇಕು. ಯಂತ್ರದ ಬಲವೆಲ್ಲ ಆ ಒಂದು ಗಾಲಿಯ ಮೂಲಕವೇ ನೆಲಕ್ಕೆ ಮುಟ್ಟಬೇಕು. ಅದು ಮರಳಿನಲ್ಲಿ ಹೂತರೆ ಆರು ಅಶ್ವಶಕ್ತಿಯಿಂದ ಏನಾದೀತು?

ಪೋನ್ಸನೂ ಅವನ ಸಂಗಾತಿಯೂ ಹಿಂದೆ ಬಿದ್ದರು. ಪೆಟ್ರೋಲು ಮುಗಿಯಿತು. ಮುಂದೆ ಹೋದವರಲ್ಲಿ ಯಾರೂ ಅವರನ್ನು ಹುಡುಕಿಕೊಂಡು ಹಿಂದಿರುಗಲಿಲ್ಲ. ಪೋನ್ಸನೂ ಸಂಗಾತಿಯೂ ನೀರಿಲ್ಲದೆ, ಬಿಸಿಲಿನಲ್ಲಿ ನಡೆದು ಬಳಲಿ, ಪ್ರಾಣದಾಸೆಯನ್ನೇ ಬಿಟ್ಟಿರುವ ಹೊತ್ತಿನಲ್ಲಿ ಅಲೆಮಾರಿಗಳಾದ ಮಂಗೋಲರ ಕಣ್ಣಿಗೆ ಬಿದ್ದು ಉಳಿದುಕೊಂಡರು. ಬಂಡಿಯು ಮರಳಿನಲ್ಲಿಯೇ ಉಳಿಯಿತು. ಮೋಟಾರು ಎಲ್ಲಿಗೆ ಬೇಕಾದರೂ ಒಯ್ಯುತ್ತದೆಂಬ ಪ್ರತಿಜ್ಞೆಯನ್ನು ನಂಬಿದ ಇಬ್ಬರು ಮನುಷ್ಯರನ್ನು ಮರಣದ ಬಾಗಿಲಿನಿಂದ ಈಚೆಗೆ ತಂದವರು, ಮೋಟಾರನ್ನೇ ಕಾಣದಿದ್ದ ಕುರುಬರು. ಓಟದಲ್ಲಿ ಮುಂದಿರುವವನಿಗೆ ಹಿಂದೆ ನೋಡುವ ಹೊಣೆಯೂ ಉಂಟೇ ಎಂಬ ಪ್ರಶ್ನೆಯನ್ನು ನಾವು ತರಗತಿಯಲ್ಲಿ ಎತ್ತಿದಾಗಲೆಲ್ಲ ವಿದ್ಯಾರ್ಥಿಗಳು ಎರಡು ಪಕ್ಷವಾಗುತ್ತಾರೆ. ಉಂಟೆಂಬ ಪಕ್ಷವೇ ನಮ್ಮದು.

ಉರ್ಗಾ ಎಂದು ಆಗ ಕರೆಯುತ್ತಿದ್ದ, ಈಗ ಉಲಾನ್‌ಬಾತರ್ ಎನಿಸಿಕೊಂಡಿರುವ ಪಟ್ಟಣವನ್ನು ದಾಟಿದ ಮೇಲೆ ಮರಳು ಹೋಗಿ ಜೌಗು ಬಂದಿತು. ಒಣನೆಲದಲ್ಲಿ ಗೆದ್ದ ಭಾರವಾದ ಇಟಾಲಾ ಇಲ್ಲಿ ಹೂತುಕೊಂಡಿತು. ನದಿಗಳಿಗೆ ಸೇತುವೆಯಿರಲಿಲ್ಲ. ಮೋಟಾರಿನ ಯಂತ್ರದಲ್ಲಿ ಪೆಟ್ರೋಲಿನ ಆವಿಗೆ ಕಿಡಿ ಹೊತ್ತಿಸುವ ಮ್ಯಾಗ್ನೆಟೊ ಎಂಬ ಉಪಕರಣವಿರುತ್ತದೆ. ನೀರು ಸೋಕಿದರೆ ಅದು ನಿರುಪಯುಕ್ತ. ಅದನ್ನು ಬಿಚ್ಚಿ ತೆಗೆದು, ಬಂಡಿಗೆ ಎತ್ತುಗಳನ್ನು ಕಟ್ಟಿ ನದಿಯನ್ನು ದಾಟಿಸಿದರು. ದಡ ಸೇರಿದ ಮೇಲೆ ಮ್ಯಾಗ್ನೆಟೊ ಮರಳಿ ಕೂರಿಸಿ, ಹ್ಯಾಂಡಲು ತಿರುಗಿಸಿ, ಮುಂದಕ್ಕೆ ಹೊರಟರು. ಎತ್ತುಗಳು ಹಿಂದಕ್ಕೆ ಹೋದವು.

ರಷ್ಯದ ಗಡಿಯನ್ನು ಹೊಕ್ಕರೆ ಕಷ್ಟ ತೀರೀತೆಂದು ಎಲ್ಲರೂ ನಂಬಿದ್ದರು. ಸೈಬೀರಿಯದ ಉದ್ದಕ್ಕೂ ಹಳೆಯ ಟಪ್ಪಾಲು ರಸ್ತೆಯೊಂದು ಇದ್ದಿತು. ಆದರೆ ಅಲ್ಲಿ ಬೇರೊಂದು ವಿಧದ ತೊಂದರೆ ಕಾದಿದ್ದಿತು. ಸೈಬೀರಿಯದ ಮಹಾ ರೈಲುಮಾರ್ಗವು ಬಂದ ಮೇಲೆ ಜನರೂ ಸರಕೂ ರೈಲನ್ನೇ ಹಿಡಿದುದರಿಂದ, ಹಳೆಯ ರಸ್ತೆಯನ್ನು ಕೇಳುವವರೇ ಇರಲಿಲ್ಲ. ಅದರ ಮರದ ಸೇತುವೆಗಳು ಮಳೆಗೂ ಹಿಮಕ್ಕೂ ಸಿಕ್ಕಿ ಒಳಗೊಳಗೇ ಲಡ್ಡಾಗಿದ್ದವು. ಮೋಟಾರಿಗೆ ರಸ್ತೆ ಬೇಕಾದ ಕಾಲಕ್ಕೆ ಸರಿಯಾಗಿ ರೈಲು ಆ ರಸ್ತೆಯನ್ನು ಕೊಂದಿದ್ದಿತು.

ಬೈಕಾಲ್ ಸರೋವರದ ದಕ್ಷಿಣದ ದಡದಲ್ಲಿ ಇಟಾಲಾ ಬಂಡಿಯು ಅಂಥ ಒಂದು ಸೇತುವೆಯ ಮೇಲೆ ಹತ್ತಿತು. ಹಲಗೆಗಳು ಮುರಿದು, ಬಂಡಿಯು ಹಿಂಭಾಗವನ್ನು ಕೆಳಗೆ ಮಾಡಿಕೊಂಡು ಹಳ್ಳಕ್ಕೆ ಕುಸಿಯಿತು. ಕುಳಿತವರಿಗೆ ಪೆಟ್ಟಾಯಿತಾದರೂ ಜೀವಕ್ಕೆ ಅಪಾಯವಾಗಲಿಲ್ಲ. ಹತ್ತಿರದ ರೈಲುಮಾರ್ಗದ ಕೆಲಸಗಾರರು ಓಡಿಬಂದು ತೊಲೆಗಳನ್ನೂ ಹಗ್ಗಗಳನ್ನೂ ತಂದು ಬಂಡಿಯನ್ನು ಮೇಲಕ್ಕೆ ಎತ್ತಿದರು. ಹ್ಯಾಂಡಲು ತಿರುಗಿಸಿದರೆ ಯಂತ್ರವು ಏನೂ ಆಗಿಲ್ಲವೆಂಬಂತೆ ಹೊರಟಿತು. ಆ ಪ್ರಾಂತದಲ್ಲಿಯೇ ಕೆಲವು ದೂರ, ಅಧಿಕಾರಿಗಳ ಅಪ್ಪಣೆ ಪಡೆದು, ಬಂಡಿಯನ್ನು ರೈಲುಕಂಬಿಗಳ ಮೇಲೆಯೇ ನಡೆಸಿಕೊಂಡು ಹೋದರು. ಒಂದು ಪಕ್ಕದ ಗಾಲಿಗಳು ಕಂಬಿಗಳ ನಡುವೆ, ಇನ್ನೊಂದು ಪಕ್ಕದವು ಹೊರಗೆ. ಕೆಳಗೆ ಮರದ ದಿಮ್ಮಿಯಿಂದ ದಿಮ್ಮಿಗೆ ಕುಕ್ಕಾಟ. ಹಿಂದಿನಿಂದಲೋ ಮುಂದಿನಿಂದಲೋ ರೈಲು ಬಂದರೆ ಎಂಬ ಭಯ ಬೇರೆ.

ಊರಲ್ ಬೆಟ್ಟಗಳನ್ನು ದಾಟಿ ಯೂರೋಪಿಗೆ ಬಂದ ಮೇಲೆ ಇಟಾಲಾ ಬಂಡಿಯ ಒಂದು ಗಾಲಿ ಮುರಿಯಿತು. ಬಿಸಿಲಿಗೆ ಒಣಗಿ, ಕೆಸರಿನಲ್ಲಿ ನೆನೆದು, ಅರೆಕಾಲುಗಳು ಸಡಿಲವಾಗಿ ಕಡೆಗೆ ಪುಡಿಯಾದವು. ಇಟಲಿಯಿಂದ ಬೇರೆ ಗಾಲಿ ತರಿಸುವ ಮಾತು ಅಲ್ಲಿಗೆ ಎಲ್ಲಿಂದ ಬಂತು? ಹಳ್ಳಿಯ ಬಂಡಿ ಮಾಡುವ ರಷ್ಯನ್ ಬಡಗಿಯೊಬ್ಬನನ್ನು ಹುಡುಕಿದರು. ಅವನು ಅಂಥ ಗಾಲಿಯನ್ನು ಹುಟ್ಟಿದಾರಭ್ಯ ಕಂಡಿರಲಿಲ್ಲ. ಒಡೆದ ಗಾಲಿಯನ್ನು ತಿರುಗಿಸಿ ನೋಡಿ, ಕೊಡಲಿಯನ್ನು ಕೈಗೆ ತೆಗೆದುಕೊಂಡು, ಮರವನ್ನು ಕೆತ್ತಿ ಹೊಸ ಅರೆಕಾಲುಗಳನ್ನು ಕೂರಿಸಿ ಗಾಲಿ ಮಾಡಿಕೊಟ್ಟನು. ಟೂರಿನ್ ನಗರದ ಕಾರ್ಖಾನೆಯ ಗಾಲಿ ನಿಂತಲ್ಲಿಂದ ಮುಂದಕ್ಕೆ ಆ ಕೊಡಲಿಯ ಗಾಲಿ ಓಡಿತು.

ಇತರರ ಗತಿಯೇನಾಯಿತೆಂದು ಕೇಳುವವರು ಕೇಳಬಹುದು. ಸ್ಪೈಕರಿನ ಗೋದಾರನ ಚರಿತ್ರೆಯೇ ಒಂದು ಹಾಸ್ಯ ಕಾದಂಬರಿ. ಆತನ ಕೈಯಲ್ಲಿ ಹಣವೇ ಇರಲಿಲ್ಲ. ಬಂಡಿಯನ್ನೂ ಕಡವಾಗಿ ತಂದಿದ್ದನು; ಹಡಗಿನ ಖರ್ಚಿಗಾಗಿ ಅದರ ಬಿಡಿಭಾಗಗಳನ್ನು ಮಾರಿದನೆಂದೂ ಹೇಳುವುದುಂಟು. ಗೋಬಿಯಲ್ಲಿ ಪೆಟ್ರೋಲಿಲ್ಲದೆ ನಿಂತು, ಬೇರೆಯವರು ಒದಗಿಸಿದುದರಿಂದ ಮುಂದೆ ಸಾಗಿದನು. ಸೈಬೀರಿಯದಲ್ಲಿ ಮ್ಯಾಗ್ನೆಟೊ ಕೆಟ್ಟಾಗ ಟಾಮ್ಸ್ಕ್ ನಗರದ ಯಂತ್ರವಿದ್ಯಾಶಾಲೆಯವರ ನೆರವಿನಿಂದ ರಿಪೇರಿ ಮಾಡಿಸಿಕೊಂಡು, ಹಗಲು ರಾತ್ರಿಯೆನ್ನದೆ ಬಂಡಿ ನಡೆಸಿ ಮುಂದೆ ಹೋದವರನ್ನು ಹಿಡಿದನು. ನಡೆಸುವುದರಲ್ಲಿ ಅವನಿಗಿಂತ ಗಟ್ಟಿಗನಿರಲಿಲ್ಲವೆಂದು ಹೇಳಬಹುದು. ಆದರೆ ದಾರಿಯಲ್ಲಿ ಸುಳ್ಳು ಹೇಳಿ ಪಡೆದ ಹಣದ ಆಪಾದನೆಯು ಬೆನ್ನು ಬಿಡದೆ ಬಂದು, ಜರ್ಮನಿಯಲ್ಲಿ ಅವನನ್ನು ಹಿಡಿದರು. ಬಂಡಿಯನ್ನು ಬೇರೊಬ್ಬನು ಪ್ಯಾರಿಸಿಗೆ ತಂದನು.

ಬೋರ್ಗೇಸೆಯು ಮಾಸ್ಕೋ ಮುಟ್ಟಿದ ವೇಳೆಗೆ ಎಷ್ಟು ಮುಂದಿದ್ದನೆಂದರೆ, ನೇರವಾದ ದಾರಿಯನ್ನು ಬಿಟ್ಟು ಸೇಂಟ್ ಪೀಟರ್ಸ್‌ಬರ್ಗಿಗೆ ಹೋಗಿ, ಅಲ್ಲಿ ತನ್ನ ಗೌರವಾರ್ಥ ಏರ್ಪಟ್ಟ ಔತಣವನ್ನು ಉಂಡು ಬಂದನು. ಬರ್ಲಿನ್ ದಾಟಿ ಬೆಲ್ಜಿಯಮ್ಮಿಗೆ ಬಂದಾಗ ಪೊಲೀಸಿನವನೊಬ್ಬನು ಅತಿವೇಗಕ್ಕಾಗಿ ತಡೆದು, ಎಲ್ಲಿಂದ ಬಂದಿರೆಂದು ಕೇಳಿ, ಪೀಕಿಂಗಿನಿಂದ ಎಂಬ ಉತ್ತರವನ್ನು ಪರಿಹಾಸ್ಯವೆಂದು ಭಾವಿಸಿದನೆಂಬ ಕಥೆಯಿದೆ. 1907ರ ಆಗಸ್ಟ್ 10ರಂದು, ಹೊರಟು ಸರಿಯಾಗಿ ಎರಡು ತಿಂಗಳಿಗೆ, ಇಟಾಲಾ ಬಂಡಿಯು ಪ್ಯಾರಿಸನ್ನು ಹೊಕ್ಕಿತು. ಎರಡು ದ ದಿಯೋಂ ಬಂಡಿಗಳೂ ಸ್ಪೈಕರೂ ಇಪ್ಪತ್ತು ದಿನಗಳ ಮೇಲೆ, ಆಗಸ್ಟ್ 30ರಂದು, ಒಟ್ಟಾಗಿ ಬಂದವು. ದೊಡ್ಡ ಯಂತ್ರವು ಬೇಗ ಬಂದಿತು. ಚಿಕ್ಕ ಯಂತ್ರಗಳೂ ಬಂದೇ ಬಂದವು.

ಮರುವರ್ಷವೇ ಇನ್ನೂ ದೊಡ್ಡದೊಂದು ಪ್ರಯತ್ನ ನಡೆಯಿತು. 1908ರ ಫೆಬ್ರವರಿ 12ರಂದು ನ್ಯೂಯಾರ್ಕಿನಿಂದ ಆರು ಬಂಡಿಗಳು ಪಶ್ಚಿಮಾಭಿಮುಖವಾಗಿ ಹೊರಟು, ಅಮೆರಿಕ, ಸೈಬೀರಿಯಗಳ ಮೂಲಕ ಪ್ಯಾರಿಸಿಗೆ ಬರಬೇಕೆಂದು ಏರ್ಪಟ್ಟಿತು. ಜರ್ಮನಿಯ 'ಪ್ರೋಟೋಸ್' ಬಂಡಿಯು ಪ್ಯಾರಿಸನ್ನು ಮೊದಲು ಮುಟ್ಟಿದರೂ, ನಿಯಮವನ್ನು ಮೀರಿದುದಕ್ಕಾಗಿ ಅದರ ದಿನಗಳಿಗೆ ದಂಡ ಸೇರಿಸಲಾಯಿತು. ನಾಲ್ಕು ದಿನ ತಡವಾಗಿ, ಜುಲೈ 30ರಂದು, ಬಂದ ಅಮೆರಿಕದ 'ಥಾಮಸ್' ಬಂಡಿಯೇ ಗೆದ್ದಿತು. ಅದನ್ನು ನಡೆಸಿಕೊಂಡು ಬಂದವನು ಜಾರ್ಜ್ ಶುಸ್ಟರ್. 1909ರಲ್ಲಿ ಆಲಿಸ್ ರ‍್ಯಾಮ್ಸಿ ಎಂಬ ಇಪ್ಪತ್ತೆರಡು ವರ್ಷದ ಮಹಿಳೆಯು ನ್ಯೂಯಾರ್ಕಿನಿಂದ ಸ್ಯಾನ್‌ಫ್ರಾನ್ಸಿಸ್ಕೊವರೆಗೆ 59 ದಿನಗಳಲ್ಲಿ ಮೋಟಾರು ನಡೆಸಿಕೊಂಡು ಹೋದಳು.

ಈಗ ಪತ್ರಿಕೆಯ ಪ್ರತಿಜ್ಞೆಗೆ ಹಿಂದಿರುಗೋಣ. ಮೋಟಾರು ಕೈಯಲ್ಲಿರುವ ಮನುಷ್ಯನು ಎಲ್ಲಿಗೆ ಬೇಕಾದರೂ ಹೋಗಬಲ್ಲನೆಂಬುದು ಸಿದ್ಧವಾಯಿತೇ? ಐದರಲ್ಲಿ ನಾಲ್ಕು ಬಂಡಿಗಳು ಬಂದುವೆಂಬುದು ನಿಜ. ಆದರೆ ಲೆಕ್ಕವನ್ನು ಪೂರ್ತಿಯಾಗಿ ಬರೆದರೆ ಆ ಸಾಲಿನಲ್ಲಿ ಚೀನೀ ಕೂಲಿಗಳು, ಹೇಸರಗತ್ತೆಗಳು, ಪೆಟ್ರೋಲು ಹೊತ್ತ ಒಂಟೆಗಳು, ತಂತಿಯ ಗುಮಾಸ್ತ, ಮಂಗೋಲ ಕುರುಬರು, ನದಿಯ ಎತ್ತುಗಳು, ರೈಲಿನ ಕೆಲಸಗಾರರು, ಕೊಡಲಿಯ ಬಡಗಿ ಇವರೆಲ್ಲರೂ ಬರುತ್ತಾರೆ. ಇವರಲ್ಲಿ ಯಾರನ್ನು ಹೊಡೆದುಹಾಕಿದರೂ ಇಟಾಲಾ ಬಂಡಿಯು ದಾರಿಯಲ್ಲಿಯೇ ನಿಲ್ಲುತ್ತದೆ. ಮೋಟಾರೂ, ದಾರಿಯುದ್ದಕ್ಕೂ ನೆರವಿಗೆ ಬರುವ ಜನವೂ ಇದ್ದರೆ ಬಹುದೂರ ಹೋಗಬಹುದು ಎಂದಷ್ಟೇ ಆ ಪರೀಕ್ಷೆಯಿಂದ ಸ್ಥಾಪಿತವಾಯಿತೆಂದು ನಮ್ಮ ಅಭಿಪ್ರಾಯ.

ಮುಂದಿನ ಚರಿತ್ರೆಯೂ ಇದನ್ನೇ ಹೇಳುತ್ತದೆ. 1911ರಲ್ಲಿ ಚೀನಾದ ಕ್ರಾಂತಿ, 1914ರಲ್ಲಿ ಮಹಾಯುದ್ಧ, 1917ರಲ್ಲಿ ರಷ್ಯದ ಕ್ರಾಂತಿ. ಮೋಟಾರುಗಳು ವರ್ಷವರ್ಷಕ್ಕೂ ಉತ್ತಮವಾದವು, ರಸ್ತೆಗಳೂ ಆದವು, ಆದರೆ 1907ರಲ್ಲಿ ತೆರೆದಿದ್ದ ಆ ದಾರಿಯು ಗಡಿಗಳಿಂದಲೂ ಸಂಶಯಗಳಿಂದಲೂ ಮುಚ್ಚಿಹೋಯಿತು. ಹಳೆಯ ಕಾರುಗಳ ಓಟವಾಗಿ ಪೀಕಿಂಗಿನಿಂದ ಪ್ಯಾರಿಸಿಗೆ ಮತ್ತೆ ಸ್ಪರ್ಧೆ ನಡೆಯುವುದಕ್ಕೆ 1997ರವರೆಗೆ ಕಾಯಬೇಕಾಯಿತು. ಆ ಬಾರಿ ಬಂಡಿಗಳು ಟಿಬೆಟ್ಟು, ನೇಪಾಳ, ಹಿಂದೂದೇಶಗಳ ಮಾರ್ಗವಾಗಿ ಹೋದವು. ಯಂತ್ರವು ದಾಟಲಾರದ ಅಡ್ಡಿಯೆಂದರೆ ಮರಳೂ ಅಲ್ಲ, ಜೌಗೂ ಅಲ್ಲ. ಮನುಷ್ಯನು ಮನುಷ್ಯನಿಗೆ ಮುಚ್ಚಿದ ಬಾಗಿಲು.

ಬೋರ್ಗೇಸೆಯ ಇಟಾಲಾ ಬಂಡಿಯು ಈಗ ಟೂರಿನ್ ನಗರದ ಮೋಟಾರು ವಸ್ತುಸಂಗ್ರಹಾಲಯದಲ್ಲಿದೆ. ಹೋದವರು ಅದನ್ನು ನೋಡಬಹುದು.

ಕಡೆಯದಾಗಿ ನಮ್ಮದೇ ಒಂದು ಸಣ್ಣ ಅನುಭವವನ್ನು ಹೇಳಿ ಮುಗಿಸುತ್ತೇವೆ. ಹಲವು ವರ್ಷಗಳ ಹಿಂದೆ ಆಷಾಢದ ಮಳೆಯಲ್ಲಿ ತೀರ್ಥಹಳ್ಳಿಯ ಕಡೆಯ ಒಂದು ಮಣ್ಣುರಸ್ತೆಯಲ್ಲಿ ನಮ್ಮ ಕಾರು ಗಾಲಿಯ ಗುಂಬದವರೆಗೆ ಹೂತುಹೋಯಿತು. ಕತ್ತಲಾಗುತ್ತಿದ್ದಿತು. ಕಂಬಳಿಕೊಪ್ಪೆ ಹಾಕಿಕೊಂಡು ಗದ್ದೆಯಿಂದ ಬರುತ್ತಿದ್ದ ರೈತನೊಬ್ಬನು ನಮ್ಮನ್ನು ನೋಡಿ, ಏನೂ ಕೇಳದೆ, ಮನೆಗೆ ಹೋಗಿ ಒಂದು ಜೊತೆ ಎತ್ತುಗಳನ್ನು ಹಿಡಿದುಕೊಂಡು ಬಂದನು. ಬಂಡಿ ಮೇಲಕ್ಕೆ ಬಂದಿತು. ದುಡ್ಡು ಕೊಡಹೋದರೆ, "ಎತ್ತಿಗೂ ಒಂದು ದಿನ ಕಾಲು ಹೂಳ್ತದೆ ಸ್ವಾಮಿ, ಆಗ ಯಾರು ದುಡ್ಡು ಕೇಳ್ತಾರೆ?" ಎಂದು ನಕ್ಕನು. ನಾವು ಊರು ಸೇರುವ ಅವಸರದಲ್ಲಿ ಹೊರಟುಬಿಟ್ಟೆವು. ಶಿವಮೊಗ್ಗದ ದೀಪಗಳು ಕಂಡಾಗ ಆತನ ಹೆಸರನ್ನು ಕೇಳಲಿಲ್ಲವೆಂಬುದು ಜ್ಞಾಪಕಕ್ಕೆ ಬಂದಿತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆಂಬ ಗಾದೆ ಅಂದು ನಮ್ಮ ಪಾಲಿಗೂ ನಿಜವಾಯಿತು. ಅಂದಿನಿಂದ, ದಾರಿಯಲ್ಲಿ ಯಾರಾದರೂ ಕೈಹಿಡಿದರೆ ಹೊರಡುವ ಮೊದಲು ಅವರ ಹೆಸರನ್ನು ಕೇಳಿ ತಿಳಿದುಕೊಳ್ಳುವ ಅಭ್ಯಾಸವನ್ನು ಇಟ್ಟುಕೊಂಡಿದ್ದೇವೆ.